ತಂಬಿಗೆ ಕಾಣದ ಸಮುದ್ರ

ಅಂಡಮಾನ್, ನವೆಂಬರ್ ೧೨

ಹೊಳೆಮಣ್ಣೂರಿನ ಗುರುಸಂಗಪ್ಪ ಮಾವನಿಗೆ ರೂಪಾಳ ನಮಸ್ಕಾರ.

ಬಂದು ಮುಟ್ಟಿದ್ದೇನೆ, ಆದರೆ ಇಲ್ಲಿ ಏನೋ ಸರಿಯಿಲ್ಲ. ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಸಮುದ್ರದ ಆಳಕ್ಕೆ ಮುಳುಗುವುದನ್ನು ಕಲಿಸುವ ಮನುಷ್ಯ, "ಇದೇ ಒಳ್ಳೆಯ ಸೀಸನ್, ನೀರು ಕನ್ನಡಿಯಂತಿದೆ" ಎಂದು ಹಿಂದಿಯಲ್ಲಿ ಆಣೆ ಮಾಡುತ್ತಾನೆ. ಹಾಗಿದ್ದರೆ ಅವನ ದೋಣಿಯನ್ನು ಮರಳಿನ ಮೇಲೆ ಬೋರಲು ಹಾಕಿರುವುದೇಕೆ? ಅದರ ಕೆಳಗೆ ಕೋಳಿಗಳು ಮಳೆಗೆ ಮುದುಡಿ ಕೂತಿವೆ. ಲಾಡ್ಜಿನಲ್ಲಿ ನಾನೊಬ್ಬಳೇ.

ನಾನು ನಂಬಲಿಲ್ಲ. ಈಜು ಕಲಿಸಲು ನಮ್ಮನ್ನು ಬಾವಿಗೆ ಇಳಿಸುವ ಮೊದಲು ನೀರು ಎಷ್ಟು ತಿಳಿಯಿದೆ ಎಂದು ನೀವು ನೋಡುತ್ತಿದ್ದಂತೆ, ಅವ್ವ ಚೀಲದಲ್ಲಿಟ್ಟ ಹಿತ್ತಾಳೆ ತಂಬಿಗೆಗೆ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟೆ. ಎರಡು ಮೊಳ ಇಳಿಯುವುದರೊಳಗೆ ಕಾಣದಾಯಿತು. ಆ ಕಲಿಸುವವನ ಹೆಂಡತಿ ನೋಡಿ ನಕ್ಕಳು. "ಇಲ್ಲಿ ನೀರು ತಿಳಿಯಾಗುವುದು ಫೆಬ್ರವರಿಗೆ" ಎಂದಳು. ಗಂಡ ಆಕಾಶ ನೋಡುತ್ತ ನಿಂತ.

ನೆಗಡಿಯಾಗಿ ಕಿವಿ ಕಟ್ಟಿದೆ, ಗುಳಿಗೆ ತೆಗೆದುಕೊಂಡಿದ್ದೇನೆ. ಅವ್ವನ ಮುಂದೆ ಹೇಳಬೇಡಿ.

ಈಗ ನನ್ನ ಅನುಮಾನ ನಿಮ್ಮ ಮೇಲೆ ತಿರುಗಿದೆ. ಯಾವಾಗ ಹೋಗಲಿ ಎಂದು ಕೇಳಿದಾಗ ಪಂಚಾಂಗ ತೆರೆದು, "ಸ್ವಾತಿ ಮಳಿ ಮುಗೀಲಿ, ನೀರು ತಿಳಿ ಆಗ್ತಾವ. ಸಮುದ್ರ ನನಗ ಗೊತ್ತಿಲ್ಲೇನ?" ಎಂದಿರಿ. ನಾನು ರಜೆ ಹಾಕಿ ಬಂದೆ. ಆ ಲೆಕ್ಕ ನಮ್ಮ ಮಲಪ್ರಭೆ ಹೊಳೆಯದು.

ಖರೇ ಹೇಳ್ರಿ ಮಾವ, ನೀವು ಒಮ್ಮೆರ ಸಮುದ್ರ ನೋಡೀರೇನ್ರಿ?

ರೂಪಾ