ಲೇಬಲ್ಲಿನ ಗೋಂದು

ಚಿ. ಅಳಿಯಂದಿರಿಗೆ ಮಾವನ ಆಶೀರ್ವಾದಗಳು.

ನಿಮ್ಮ ಬಾರಿನ ಚಳಿಗಾಲದ ಕಾಕ್‌ಟೇಲಿಗೆ ನಮ್ಮ ಮನೆಯ ಕಿತ್ತಳೆ ಸಿಪ್ಪೆಯ ಜಿನ್ ಹನ್ನೆರಡು ಬಾಟಲಿ ಬೇಕೆಂದು ಬರೆದಿದ್ದೀರಿ. ಕಳಿಸಲಾರೆ. ನಿಮ್ಮತ್ತೆ ಹೋದ ಮೇಲೆ ಎರಡು ಸಲ ಭಟ್ಟಿ ಇಳಿಸಿದೆ, ಎರಡೂ ಸಲ ಬಾಯಿಗಿಡಲಾಗದಷ್ಟು ಕಹಿ. ಮೊದಲು ಇಳಿಯುವುದನ್ನು ಚೆಲ್ಲಬೇಕು. ಎಲ್ಲಿಯವರೆಗೆ ಎಂಬುದು ಅವಳ ಮೂಗಿಗೆ ಮಾತ್ರ ಗೊತ್ತಿತ್ತು. ಅಂಗೈಗೆ ಒಂದು ಹನಿ ಉಜ್ಜಿ ಮೂಸಿ, "ಸಾಕು, ಈಗ ಹಿಡೀರಿ" ಅನ್ನುತ್ತಿದ್ದಳು. ನಾನು ಬಾಟಲಿ ಹಿಡಿಯುತ್ತಿದ್ದೆ. ಮೂವತ್ತು ವರ್ಷ ನನ್ನ ಕಸುಬು ಅಷ್ಟೇ.

ಲೇಬಲ್ಲಿನಲ್ಲಿ ನನ್ನ ಹೆಸರಿನ ಕೆಳಗೆ "ಮಾಸ್ಟರ್ ಡಿಸ್ಟಿಲರ್", ಅಂದರೆ ಭಟ್ಟಿ ಇಳಿಸುವುದರಲ್ಲಿ ನಿಪುಣ, ಎಂದು ಹಾಕಿಸಿದವನೂ ನಾನೇ. ಕಾಲೇಜಿನ ಇಂಗ್ಲಿಷು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು.

"ಇದರಲ್ಲಿ ನಾನೆಲ್ಲಿದ್ದೀನಿ ರೀ?" ಎಂದು ಕೇಳಿದ್ದಳು.

"ನೀನು ಒಳಗಿದ್ದೀಯಲ್ಲ, ಹೊರಗೇನು ಕೆಲಸ?" ಎಂದು ನಕ್ಕಿದ್ದೆ.

ಅವಳು ನಗಲಿಲ್ಲ. ಲೇಬಲ್ಲುಗಳಿಗೆ ಗೋಂದು ಹಚ್ಚುತ್ತಾ ಕೂತಳು. ಮಗಳು ಪಕ್ಕದಲ್ಲೇ ಇದ್ದಳು. ಅದಕ್ಕೇ ಅವಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮತ್ತೆ ಇಳಿಸಿದ್ದು ಎರಡು ಬಾಟಲಿ ಉಳಿದಿವೆ, ಕಳಿಸಿದ್ದೇನೆ. ಬಿಸಿನೀರಿನಲ್ಲಿ ನೆನೆಸಿ ನೋಡಿದೆ, ನನ್ನ ಹೆಸರು ಬಿಡುತ್ತಿಲ್ಲ. ಅವಳು ಗಟ್ಟಿಯಾಗಿ ಅಂಟಿಸಿದ್ದಾಳೆ. ನಿಮ್ಮಲ್ಲಿ ಒಳ್ಳೆಯ ಚಾಕು ಇದ್ದರೆ ಕೆರೆದು ತೆಗೆದು, ಅವಳ ಹೆಸರು ಬರೆಯಿರಿ.

ಇತಿ,
ಬಾಟಲಿ ಹಿಡಿಯುತ್ತಿದ್ದ ನಿಮ್ಮ ಮಾವ