ಹಳ್ಳ ಮುಚ್ಚುವ ಆದೇಶ

ಜೂನ್ 9, ಸೋಮವಾರ

ಇವತ್ತೂ ಒಂಬತ್ತು ಮಕ್ಕಳು ಗೈರು. ಎಲ್ಲರೂ ಹಳ್ಳದ ಆಚೆಯವರು. ರಾತ್ರಿಯ ಮಳೆಗೆ ನೀರು ಸೊಂಟಮಟ್ಟ. ಮಗಳು ಭಾಗ್ಯಾಳನ್ನು ಹೆಗಲ ಮೇಲೆ ಹೊತ್ತು ದಾಟುತ್ತಿದ್ದ ಮರೆವ್ವ ಜಾರಿದಳು. ಜಾಲಿಯ ಬೇರು ಕೈಗೆ ಸಿಕ್ಕಿತು, ಇಬ್ಬರೂ ಉಳಿದರು. ಸಂಜೆಯೇ ತಾಲ್ಲೂಕು ಪಂಚಾಯತಿಗೆ ಅರ್ಜಿ ಬರೆದೆ — "ಶಾಲೆಯ ದಾರಿಯಲ್ಲಿರುವ ಹಳ್ಳದಿಂದ ಮಕ್ಕಳ ಜೀವಕ್ಕೆ ಅಪಾಯ. ಕ್ರಮ ಕೈಗೊಳ್ಳಿ."

ಜುಲೈ 3

ಕ್ರಮ ಬಂತು! ಆದೇಶ: ಹಳ್ಳ ಮುಚ್ಚಲು ಎರಡು ಟ್ರಿಪ್ ಮಣ್ಣು. ಟ್ರ್ಯಾಕ್ಟರ್ ತಂದ ರಫೀಕ್ ತಲೆ ಕೆರೆದುಕೊಂಡ.

"ಟೀಚರ್, ಇದನ್ನ ಮುಚ್ಚಾಕ ಇಡೀ ಗುಡ್ಡಾನ ತರಬೇಕ್ರಿ."

ಆದೇಶ ಕೊಟ್ಟ ಇಂಜಿನಿಯರಿಗೆ ಫೋನ್ ಮಾಡಿದೆ. ಮಂಡ್ಯ ಕಡೆಯವರು, ಹೊಸಬರು.

"ಹಳ್ಳ ಅಂತ ನೀವೇ ಬರ್ದಿದ್ದೀರಲ್ಲಮ್ಮ. ಗುಂಡಿ ತಾನೆ?"

"ಅಲ್ರೀ ಸರ್, ಹರಿಯೂ ನೀರ್ರಿ."

"ಅದಕ್ಕೆ ತೊರೆ ಅನ್ಬೇಕು. ಈಗ ಕೆಲಸ ಮುಗೀತು ಅಂತ ಸಹಿ ಮಾಡಿ. ಆಮೇಲೆ ಹೊಸ ಅರ್ಜಿ ಕೊಡಿ."

ಅವರ ಕಡೆ ಹಳ್ಳವೆಂದರೆ ತಗ್ಗು. ನಮ್ಮಲ್ಲಿ ತಗ್ಗಿಗೆ ತಗ್ಗೆಂದೇ ಹೆಸರು. ಹರಿಯುವುದು ಹಳ್ಳ.

ಹೆಡ್‌ಮಾಸ್ತರ ಸಂದೀಪ ಸರ್ ಕಾಗದ ಮುಂದಿಟ್ಟರು.

"ಸಹಿ ಮಾಡಿಬಿಡ್ರಿ ಗುಲಫಶಾ ಟೀಚರ್. ನೀವು ಅತಿಥಿ ಶಿಕ್ಷಕಿ, ನೆನಪಿರ್ಲಿ."

"ಸುಳ್ಳಿಗೆ ಸಹಿ ಮಾಡೂದಿಲ್ರಿ."

ಕಾಗದವನ್ನು ಅವರತ್ತಲೇ ತಳ್ಳಿದೆ.

ಜುಲೈ 4

ಉತ್ತರ ಕಳಿಸಿದೆ. "ಹಳ್ಳ ಮುಚ್ಚಿಲ್ಲ. ಬಂದು ದಾಟಿ ನೋಡಿ." ತೊರೆ ಎಂದು ತಿದ್ದಲಿಲ್ಲ. ಯಾಕೆ ತಿದ್ದಬೇಕು?

ಜುಲೈ 21, ಮಧ್ಯಾಹ್ನ

ಇಂಜಿನಿಯರು ಬಂದರು! ಬೂಟು ಕೈಯಲ್ಲಿ, ಪ್ಯಾಂಟು ಮೊಣಕಾಲಿನವರೆಗೆ ಮಡಚಿ. ಮರೆವ್ವ ಅವರ ರಟ್ಟೆ ಹಿಡಿದಳು.

"ಗಟ್ಟಿ ಹಿಡೀರಿ ಸಾಹೇಬ್ರ. ನಿಮ್ಮ ಹಳ್ಳದಂಗ ನಮ್ಮ ಹಳ್ಳ ಸುಮ್ಮ ಕುಂದ್ರಂಗಿಲ್ಲ."

ನಡುನೀರಿನಲ್ಲಿ ಅವರ ಕಾಲು ತಪ್ಪಿತು. ಆಚೆ ದಡ ಹತ್ತಿ ತಿರುಗಿ ನೀರನ್ನು ನೋಡಿದರು. ಆಮೇಲೆ — "ದಿನಾ ಮಕ್ಕಳು ಇದನ್ನ ದಾಟ್ತಾರಾ?"

ಅಲ್ಲೇ ಕುಳಿತು ಕಿರುಸೇತುವೆಗೆ ಶಿಫಾರಸು ಬರೆದರು. ತೊರೆ ಎಂದು ಶುರು ಮಾಡಿದವರು ನನ್ನ ಮುಖ ನೋಡಿ ಹೊಡೆದು ಹಾಕಿದರು. ಹಳ್ಳ ಎಂದೇ ಬರೆದರು.

ಆಗಸ್ಟ್ 8

ಸೇತುವೆ ಮಂಜೂರಾಯಿತು. ಕೆಲಸ ಮಳೆಗಾಲ ಮುಗಿದ ಮೇಲೆ. ಅಲ್ಲಿಯವರೆಗೆ ಹಗ್ಗ ಕಟ್ಟಿದ್ದೇವೆ.

ಸಂದೀಪ ಸರ್ ಮುಖ ನೋಡದೆ ಹೇಳಿದರು — "ಮುಂದಿನ ತಿಂಗಳಿಂದ ನೀವು ಬರೂದು ಬ್ಯಾಡ್ರಿ." ಕಾರಣ ಬರೆದುಕೊಡಿ ಎಂದೆ. ಕೊಡಲಿಲ್ಲ.

ಮನೆಗೆ ಬಂದು ಅತ್ತುಬಿಟ್ಟೆ. ಸುಳ್ಳೇಕೆ?

ಈಗ ಮರೆವ್ವ ಬಾಗಿಲಲ್ಲಿದ್ದಾಳೆ. ಹಿಂದೆ ಆಚೆ ದಡದ ತಾಯಂದಿರೆಲ್ಲ.

"ಏಳ್ರಿ ಟೀಚರ್. ಅರ್ಜಿ ಬರೀರಿ, ನಾವೆಲ್ಲಾ ಹೆಬ್ಬಟ್ಟು ಒತ್ತತೇವಿ."

ಬರೆಯುತ್ತಿದ್ದೇನೆ. ಮಾನ್ಯರೇ, ಸಹಿ ಮಾಡಲಿಲ್ಲವೆಂದು ನನ್ನನ್ನು ತೆಗೆದಿದ್ದಾರೆ. ಈ ಸಲವೂ ನಾನು ಬರೆದದ್ದನ್ನು ತಿದ್ದುವುದಿಲ್ಲ.