ಕೊಂಡಿಯ ಬದಲು ನಾಲ್ಕು ಗಂಟು

ಇಳಕಲ್
೯ ನವೆಂಬರ್ ೨೦೨೪

ಶಿರೂರಿನ ನನ್ನ ಸುನಂದಕ್ಕನಿಗೆ ತಂಗಿ ಬನಶಂಕರಿಯ ನಮಸ್ಕಾರ. ನಮಸ್ಕಾರ ಇಲ್ಲಿಗೆ ಮುಗಿಯಿತು, ಇನ್ನು ಜಗಳ.

ಫೋನಿನಲ್ಲಾದರೆ ನಡುವೆಯೇ ಇಟ್ಟುಬಿಡುತ್ತೀ. ಪತ್ರವನ್ನು ಅರ್ಧಕ್ಕೆ ಬಿಡುವವಳು ನೀನಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ನನ್ನ ಬಸುರಿ ಮಗಳು ರೋಹಿಣಿಯ ಕುಬಸದಲ್ಲಿ, ಉಡಿ ತುಂಬಲು ಬಂದ ಅಷ್ಟೂ ಹೆಂಗಸರ ಮುಂದೆ ನೀನು ಆಡಿದ ಮಾತು ಇನ್ನೂ ಚುಚ್ಚುತ್ತಿದೆ. "ನಮ್ಮ ಬನಶಂಕ್ರಿ ಎಂಟೆಂಟು ವಾರಕ್ಕ ಬಾಗಲಕೋಟಿಗೆ ಹೋಗಿ ಸಲೈನ್ ಹಚ್ಚಿಸ್ಕೊಂಡು ರಾಣಿಹಂಗ ಕುಂದರ್ತಾಳ. ಮಗ್ಗದ ಮನಿ ಹೆಣ್ಮಕ್ಕಳಿಗೆ ಕೈನೋವು ಹೊಸಾದೇನು? ನಮ್ಮವ್ವ ಎಂದರ ದವಾಖಾನಿ ಮೆಟ್ಟಿಲಾ ತುಳದಿದ್ಳೇನು?"

ತುಳಿಯಲಿಲ್ಲ ಅಕ್ಕ. ಅದಕ್ಕೇ ಕಡೆಯ ಆರು ವರ್ಷ ನೀರಿನ ತಂಬಿಗೆ ಎತ್ತಲಾಗದೆ ನಮ್ಮ ಕೈಯಿಂದ ಕುಡಿದಳು. ವಯಸ್ಸಿನ ವಾಯು ಅಂದುಕೊಂಡು ನಾವು ಬೇವಿನೆಣ್ಣೆ ತಿಕ್ಕಿದೆವು. ಅದು ರುಮಟಾಯ್ಡ್ ಎಂಬ ಸಂಧಿವಾತ. ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ತಿರುಗಿ ಬೀಳುವ ರೋಗ ಎಂದು ಬಾಗಲಕೋಟೆ ವಿದ್ಯಾಗಿರಿಯ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದಾರೆ. ಅವ್ವನ ಪಾಡನ್ನು ಹಿರಿಮೆಯೆಂದು ಹೇಳಿಕೊಳ್ಳಲು ನಾನು ತಯಾರಿಲ್ಲ.

ರಾಣಿಯ ಕಥೆಯನ್ನೂ ಕೇಳು. ಬೆಳಗಿನ ಬಸ್ಸಿಗೆ ಹುನಗುಂದ ದಾಟಿ ಹೋಗುತ್ತೇನೆ. ನರ್ಸ್ ನರ ಹುಡುಕಿ ಸೂಜಿ ಚುಚ್ಚುತ್ತಾಳೆ. ಎರಡು ತಾಸು ಔಷಧಿ ಹನಿಹನಿಯಾಗಿ ಇಳಿಯುತ್ತದೆ. ಮೊದಲ ಸಲ ಹೆದರಿ ಅತ್ತೆ. ಈಗಲೂ ಮಾರನೆಯ ದಿನ ಮೈ ಸೋತು ಬಿದ್ದಿರುತ್ತೇನೆ. ರೋಗ ಬೇರುಸಹಿತ ಹೋಗುವುದಿಲ್ಲ, ಹತೋಟಿಯಲ್ಲಿರುತ್ತದೆ, ಅಷ್ಟೇ. ಆದರೆ ಮೂರನೆಯ ಸಲವಾದ ಮೇಲೆ ಒಂದು ಬೆಳಿಗ್ಗೆ ಯಾರನ್ನೂ ಕರೆಯದೆ ನನ್ನ ಜಡೆ ನಾನೇ ಹಾಕಿಕೊಂಡೆ. ಅದಕ್ಕೆ ನೀನು ಏನು ಬೇಕಾದರೂ ಹೆಸರಿಡು.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ಈ ಕೈನೋವನ್ನು ನಾನೂ ಮುಚ್ಚಿಟ್ಟೆ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸಿ ಕೊಂಡಿ ಹಾಕುವ ಕೆಲಸವನ್ನೆಲ್ಲ ರೋಹಿಣಿ ಮದುವೆಯಾಗಿ ಹೋಗುವವರೆಗೂ ಅವಳೇ ಮಾಡುತ್ತಿದ್ದಳು. ಸೀರೆ ಒಯ್ಯಲು ಬರುವ ಅಂದಾನಪ್ಪನವರು "ಬನಶಂಕ್ರವ್ವನ ಕೈ ಅಂದ್ರ ಕೈ ನೋಡ್ರಿ" ಎಂದಾಗ ನಾನು ನಾಚಿಕೆಯಿಲ್ಲದೆ ನಗುತ್ತಿದ್ದೆ. ಕೊಂಡಿ ಹಾಕಲಾಗದ ಹೆಂಗಸಿಗೆ ಮಗ್ಗದ ಮನೆಯಲ್ಲಿ ಏನು ಬೆಲೆ ಎಂಬ ಭಯ ಅದು. ಆ ಭಯ ನಿನಗೂ ಗೊತ್ತು.

ಗೊತ್ತಿಲ್ಲ ಅನ್ನಬೇಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಬಸದ ದಿನ ಬಳೆ ಇಡಲು ಬಳೆಗಾರ್ತಿ ಮೌಲಾಬಿ ಬಂದಾಗ ನೀನು "ನನಗ ಹಸರ ಬಳಿ ಸೇರೂದಿಲ್ಲ" ಎಂದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಎಲ್ಲರಿಗಿಂತ ಮೊದಲು ಕೈ ಚಾಚಿ ಎರಡು ಡಜನ್ ಇಡಿಸಿಕೊಳ್ಳುತ್ತಿದ್ದವಳು!

ನೀವೆಲ್ಲ ಹೋದ ಮೇಲೆ, ಮಗಳಿಗೆಂದು ನೀನೇ ನೇಯ್ದು ತಂದ ಹಸಿರು ಸೀರೆಯನ್ನು ಬಿಚ್ಚಿ ನೋಡಿದೆ. ಸೆರಗು ಒಡಲು ಕೂಡುವಲ್ಲಿ, ಎಡದಂಚಿಗೆ, ಕೊಂಡಿಯ ಬದಲು ನಾಲ್ಕು ಗಂಟುಗಳು. ಹತ್ತು ವರ್ಷದ ನಾನು ಒಂದೇ ಒಂದು ಗಂಟು ಹಾಕಿದ್ದಕ್ಕೆ "ಸೀರಿ ನೇಯಾಕತ್ತೀಯೋ, ಜ್ವಾಳದ ಚೀಲ ಕಟ್ಟಾಕತ್ತೀಯೋ" ಎಂದು ಬೆನ್ನಿಗೆ ಗುದ್ದಿದವಳು ನೀನು. ಆ ಗಂಟುಗಳನ್ನು ಸವರುತ್ತ ಅತ್ತುಬಿಟ್ಟೆ. ಅಲ್ಲಿಗೆ ಸಿಟ್ಟು ಇಳಿಯಿತು ಅಂದುಕೊಳ್ಳಬೇಡ, ಇನ್ನೂ ಏರಿತು.

ಬಾಗಿದ ಬೆರಳು ನೆಟ್ಟಗಾಗುವುದಿಲ್ಲ, ನನ್ನ ಎಡಗೈಯ ಎರಡು ಹಾಗೇ ಇವೆ. ಬಾಗದೆ ಇರುವವನ್ನು ಉಳಿಸಿಕೊಳ್ಳಬಹುದು, ತಡಮಾಡದಿದ್ದರೆ. ಇಪ್ಪತ್ತೊಂದನೇ ತಾರೀಖು ಗುರುವಾರ ನನ್ನ ಸರದಿ. ಅದೇ ದಿನ ಡಾಕ್ಟರಮ್ಮನಿಗೆ ತೋರಿಸಲು ನಿನ್ನ ಹೆಸರನ್ನೂ ಬರೆಸಿದ್ದೇನೆ. ನಿನ್ನನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಇನ್ನೊಬ್ಬಳಿಗೆ ತಂಬಿಗೆ ಹಿಡಿದು ನೀರು ಕುಡಿಸುವ ಧೈರ್ಯ ನನಗಿಲ್ಲ ಅಕ್ಕ.

ಜಗಳ ಮುಗಿಸದ,
ನಿನ್ನ ಬೆನ್ನಿಗೆ ಬಿದ್ದ ತಂಗಿ
ಬನಶಂಕರಿ

ತಾ.ಕ.: ಪಂಚಮಿಗೆ ಬಂದ ನಿನ್ನ ಪತ್ರ ನಿನ್ನ ಮಗ ಚೇತನಕುಮಾರನ ಅಕ್ಷರದಲ್ಲಿತ್ತು, ಅದರ ಹಿಂದಿನದೂ ಅಷ್ಟೇ. ಇದಕ್ಕೆ ನೀನೇ ಉತ್ತರ ಬರೆ, ಎರಡು ಸಾಲು ಸಾಕು. ನಿನ್ನ ಅಕ್ಷರ ಕಂಡರೆ ನಾನು ಹೇಳಿದ್ದೆಲ್ಲ ಸುಳ್ಳು, ಎಲ್ಲರ ಮುಂದೆ ನಿನ್ನ ಕಾಲು ಹಿಡಿಯುತ್ತೇನೆ. ಬರೆಯಲಾಗದಿದ್ದರೆ ಉತ್ತರ ಬೇಡ. ಗುರುವಾರ ಬೆಳಿಗ್ಗೆ ಸೀರೆ ಸುತ್ತಿಕೊಂಡು ಕೂತಿರು, ನಿರಿಗೆ ನಾನು ಬಂದು ಹಿಡಿಯುತ್ತೇನೆ.